ಆದವಾನಿಯ ಹತ್ತಿ ಮತ್ತು ಬ್ರಿಟನ್ನಿನ ಬಂಧುಬಳಗ

ಮಾತು ಒಂದೇ ಆದವರ ಜೊತೆ ವ್ಯಾಪಾರ ಕುದುರಿಸಬೇಕೋ, ಮಗ್ಗುಲಲ್ಲಿರುವವರ ಜೊತೆಗೋ? ಬ್ರಿಟನ್ ಈ ಪ್ರಶ್ನೆಯನ್ನು ನೂರಿಪ್ಪತ್ತು ವರ್ಷಗಳಿಂದ ಜಗಿಯುತ್ತಿದೆ. ಸಾಮ್ರಾಜ್ಯದ ಸರಕಿಗೆ ರಿಯಾಯಿತಿ, ಉಳಿದವರಿಗೆ ಸುಂಕ ಎಂದು 1903ರಲ್ಲಿ ಬ್ರಿಟಿಷ್ ರಾಜಕಾರಣಿ ಜೋಸೆಫ್ ಚೇಂಬರ್ಲೇನ್ ಪ್ರಚಾರಕ್ಕಿಳಿದರು. ಅಲ್ಲಿಂದ ಯುರೋಪ್ ಒಕ್ಕೂಟ ಬಿಡುವ 2016ರ ಜನಮತಗಣನೆಯವರೆಗೆ ಇದರ ಮೇಲೆ ರಾಶಿ ಬರಹ ಬಂದಿದೆ. ಬಹುಪಾಲು ಲಂಡನ್ನು, ಬ್ರಸೆಲ್ಸು, ಸಿಡ್ನಿಗಳನ್ನು ಕಂಡು ಬರೆದದ್ದು. ಆಂಧ್ರದ ಗಡಿಯೂರು ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ನಿಂತು ನೋಡಿದರೆ ಎರಡೂ ಕಡೆಯ ವಾದದಲ್ಲಿ ಅಷ್ಟಿಷ್ಟು ಜೊಳ್ಳು ಕಾಣುತ್ತದೆ.

1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯೊಳಗೆ ಆದವಾನಿಯೂ ಇತ್ತು. ಮುಂದೆ ಅದು ಬಳ್ಳಾರಿ ಜಿಲ್ಲೆಯ ತಾಲೂಕಾಯಿತು. ಎರೆನೆಲದ ಇಲ್ಲಿಯ ಹತ್ತಿಗೆ ಪೇಟೆಯಲ್ಲಿ 'ವೆಸ್ಟರ್ನ್ಸ್' ಎಂಬ ಹೆಸರು. ಅಮೆರಿಕದ ಅಂತರ್ಯುದ್ಧ (1861–65) ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿಯ ಬರ ತಂದಾಗ ಭಾರತದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಯುದ್ಧ ಮುಗಿದದ್ದೇ ತಡ, ಮ್ಯಾಂಚೆಸ್ಟರ್ ತಿರುಗಿ ಅಮೆರಿಕದ ಉದ್ದ ಎಳೆಯ ಹತ್ತಿಗೆ ಹೋಯಿತು. ನಮ್ಮದು ಗಿಡ್ಡ ಎಳೆ. ಮದರಾಸು–ರಾಯಚೂರು ರೈಲು 1871ರಲ್ಲಿ ಮುಂಬಯಿ ಮಾರ್ಗಕ್ಕೆ ಕೂಡಿಕೊಂಡು ಸಾಗಾಟ ಸಲೀಸಾಯಿತು. ಆದರೆ ಭಾರತದ ಹತ್ತಿಯನ್ನು ಹೆಚ್ಚಾಗಿ ಕೊಂಡವರು ಯುರೋಪ್ ಖಂಡದ ಗಿರಣಿಗಳವರು, ಆಮೇಲೆ ಜಪಾನಿನವರು. ಆಳುವ ದೊರೆ ಒಬ್ಬ, ಗಿರಾಕಿ ಇನ್ನೊಬ್ಬ.

ಇದು ಬಟಾಬಯಲಾದದ್ದು 1932ರ ಒಟ್ಟಾವಾ ಒಪ್ಪಂದದ ನಂತರ. ಸಾಮ್ರಾಜ್ಯದ ದೇಶಗಳು ಒಬ್ಬರಿಗೊಬ್ಬರು ಸುಂಕದ ರಿಯಾಯಿತಿ ಕೊಟ್ಟುಕೊಳ್ಳುವ ಏರ್ಪಾಟು ಅದು. ಮರುವರ್ಷ ಜೂನ್‌ನಲ್ಲಿ ಭಾರತ ಸರ್ಕಾರ ಬ್ರಿಟಿಷೇತರ ಹತ್ತಿ ಬಟ್ಟೆಯ ಮೇಲಿನ ಸುಂಕವನ್ನು ಶೇ. 75ಕ್ಕೆ ಏರಿಸಿತು. ಏಟು ಬಿದ್ದದ್ದು ಜಪಾನಿಗೆ. ಅಲ್ಲಿಯ ಗಿರಣಿಗಳು ಭಾರತದ ಹತ್ತಿಯನ್ನೇ ಕೊಳ್ಳುವುದಿಲ್ಲವೆಂದು ಕೂತವು. ಲ್ಯಾಂಕಾಷೈರ್ ಇನ್ನಷ್ಟು ಭಾರತೀಯ ಹತ್ತಿ ಬಳಸುತ್ತದೆಂಬ ಭರವಸೆ ಅಲ್ಲಿಯ ಮತ್ತು ಮುಂಬಯಿಯ ಗಿರಣಿ ಮಾಲೀಕರ ನಡುವೆ ಅದೇ ವರ್ಷ ಆದ ಲೀಸ್–ಮೋದಿ ಒಡಂಬಡಿಕೆಯಲ್ಲಿ ಸಿಕ್ಕಿತಾದರೂ ಅದರಿಂದ ಮಾಲು ಖಾಲಿಯಾಗುವಂತಿರಲಿಲ್ಲ. ಕೊನೆಗೆ 1934ರ ಜನವರಿಯಲ್ಲಿ ಜಪಾನಿನ ಜೊತೆಯೇ ರಾಜಿ: ಅವರು ಹತ್ತು ಲಕ್ಷ ಬೇಲು ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆಗೆ ಇಲ್ಲಿ ಪ್ರವೇಶ, ಹದಿನೈದು ಲಕ್ಷ ಬೇಲು ಕೊಂಡರೆ 40 ಕೋಟಿ ಗಜ. ಸಾಮ್ರಾಜ್ಯದ ಆಪ್ತತೆಯನ್ನು ಕೊಂಡಾಡುವ ಇಂದಿನ ಲೇಖಕರು ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. ನನಗೆ ಇದೇ ಮುಖ್ಯ ಸಾಕ್ಷಿ.

ಅರ್ಥಶಾಸ್ತ್ರಜ್ಞರು ಲೆಕ್ಕ ಹಿಡಿದು ಕೂತದ್ದು ಇದಾದ ಮೇಲೆ. 1962ರಲ್ಲಿ ಯಾನ್ ಟಿನ್‌ಬರ್ಗನ್ ಒಂದು ಸೂತ್ರ ಕೊಟ್ಟರು: ಆರ್ಥಿಕತೆ ದೊಡ್ಡದಾದಷ್ಟೂ ವ್ಯಾಪಾರ ಹೆಚ್ಚು, ದೂರ ಬೆಳೆದಷ್ಟೂ ಕಡಿಮೆ. ಮುಂದಿನವರು ಅದಕ್ಕೆ ಭಾಷೆ, ಹಳೆಯ ವಸಾಹತು ಸಂಬಂಧ, ಗಡಿ ಎಲ್ಲವನ್ನೂ ಸೇರಿಸಿದರು. ಒಂದೇ ಭಾಷೆಯಿದ್ದರೆ ವ್ಯಾಪಾರ ಹೆಚ್ಚುತ್ತದೆ ಎಂಬುದು ದಿಟವೆಂದು ಕಂಡಿತು. ಆದರೆ 1995ರಲ್ಲಿ ಜಾನ್ ಮೆಕ್ಯಾಲಂ ಕೆನಡಾ–ಅಮೆರಿಕ ಗಡಿಯನ್ನು ಅಳೆದಾಗ ಬೇರೊಂದು ಸಂಗತಿ ಹೊರಬಿತ್ತು. ಅಷ್ಟೇ ದೂರದ, ಅಷ್ಟೇ ಗಾತ್ರದ ಅಮೆರಿಕನ್ ರಾಜ್ಯದ ಜೊತೆಗಿಂತ ಕೆನಡಾದ ಪ್ರಾಂತ್ಯಗಳು ತಮ್ಮತಮ್ಮೊಳಗೆ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವ್ಯಾಪಾರ ಮಾಡುತ್ತಿದ್ದವು. ಎರಡೂ ಕಡೆ ಬಹುಮಂದಿಯ ಮಾತು ಇಂಗ್ಲಿಷೇ! 2003ರಲ್ಲಿ ಆಂಡರ್ಸನ್ ಮತ್ತು ವಾನ್ ವಿನ್‌ಕೂಪ್ ಆ ಅಂಕಿಯನ್ನು ಬಹಳಷ್ಟು ಇಳಿಸಿದರು. ಗಡಿಗೆ ಬೆಲೆ ತೆರಬೇಕೆಂಬುದನ್ನು ಮಾತ್ರ ಅಲ್ಲಗಳೆಯಲಿಲ್ಲ.

ಬ್ರಿಟನ್ 1973ರಲ್ಲಿ ಯುರೋಪಿನ ಕೂಟ ಸೇರಿತು. ನ್ಯೂಜಿಲೆಂಡಿನ ಬೆಣ್ಣೆಗೆ ಆಗ ವಿಶೇಷ ರಿಯಾಯಿತಿ ಬೇಡಿಕೊಳ್ಳಬೇಕಾಯಿತು. 2020ರಲ್ಲಿ ಕೂಟ ಬಿಟ್ಟಿತು. 2023ರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಮುಕ್ತ ವ್ಯಾಪಾರ ಶುರುವಾಯಿತು. ಆಸ್ಟ್ರೇಲಿಯಾ ಒಪ್ಪಂದದಿಂದ ದೇಶದ ಉತ್ಪನ್ನ ದೀರ್ಘಾವಧಿಯಲ್ಲಿ ಶೇ. 0.08 ಹೆಚ್ಚಬಹುದೆಂದು ಬ್ರಿಟಿಷ್ ಸರ್ಕಾರವೇ ಅಂದಾಜಿಸಿದೆ. ಬ್ರಿಟನ್ನಿನ ರಫ್ತಿನಲ್ಲಿ ಶೇ. 40ಕ್ಕೂ ಹೆಚ್ಚು ಈಗಲೂ ಯುರೋಪ್ ಒಕ್ಕೂಟಕ್ಕೇ ಹೋಗುತ್ತದೆ. ಅಲ್ಲಿ ಸುಂಕವಿಲ್ಲ. 2021ರಿಂದ ಕಾಡುತ್ತಿರುವುದು ಮೂಲ ಪ್ರಮಾಣಪತ್ರ, ಆರೋಗ್ಯ ತಪಾಸಣೆ, ಕಸ್ಟಮ್ಸ್ ಅರ್ಜಿ.

ಕಾಗದದ ಈ ಕಾಟ ಆದವಾನಿಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಮಿಕ್ಕವು ಮೈಸೂರಿಗೆ ಬಂದವು. ಹೊಳಗುಂದ, ಕೌತಾಳಂ ಕಡೆಯ ಕನ್ನಡದ ಮನೆಗಳಿಗೆ ಸಿರುಗುಪ್ಪ, ಬಳ್ಳಾರಿ ಹೊರರಾಜ್ಯವಾದವು. ಆದವಾನಿಗೆ ಜಿಲ್ಲಾ ಕೇಂದ್ರ ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಇವತ್ತಿಗೂ ಬಳ್ಳಾರಿ ಸೀಮೆ ದಾಟಿಯೇ ಇಲ್ಲಿಗೆ ಬರಬೇಕು. ಗಡಿಯಲ್ಲಿ ಚೆಕ್‌ಪೋಸ್ಟು, ಅಂತರರಾಜ್ಯ ಮಾರಾಟ ತೆರಿಗೆ, ಎರಡು ಸರ್ಕಾರಗಳ ಎರಡು ಮಾರುಕಟ್ಟೆ ಕಾಯ್ದೆ. ಭಾಷೆ ಹಂಚಿಕೊಂಡವರ ನಡುವೆ ಆಡಳಿತ ಎಬ್ಬಿಸಿದ ಗೋಡೆ ಎಂದರೆ ಇದು. ಆದರೂ ಹತ್ತಿ ನಿಲ್ಲಲಿಲ್ಲ. ಜಿನ್ನಿಂಗ್ ಕಾರ್ಖಾನೆ, ದಲಾಲಿ ಅಂಗಡಿ, ರೊಕ್ಕ ಎಲ್ಲ ಇಲ್ಲೇ ಇದ್ದುದರಿಂದ ಗಡಿಯಾಚೆಯ ಮಾಲೂ ಇಲ್ಲಿಗೇ ಬಂತು. ಊರಿಗೆ 'ಎರಡನೇ ಬೊಂಬಾಯಿ' ಎಂಬ ಹೆಸರು ಸುಮ್ಮನೆ ಬರಲಿಲ್ಲ.

ಯಾರ್ಡಿನಲ್ಲಿ ಖರೀದಿದಾರ ಹತ್ತಿಯ ಒಂದು ಹಿಡಿ ತೆಗೆದು ಎರಡು ಹೆಬ್ಬೆರಳ ನಡುವೆ ಎಳೆದು ಉದ್ದ ನೋಡುತ್ತಾನೆ, ಹಿಸುಕಿ ತೇವ ನೋಡುತ್ತಾನೆ. ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡಕ್ಕೆ, ಉರ್ದುವಿಗೆ ಹೊರಳುತ್ತದೆ. ಭಾಷೆಯ ಕೆಲಸ ಇಲ್ಲಿ ಸಾಲಕ್ಕೆ, ನಂಬಿಕೆಗೆ. ಬೆಲೆ ಕಟ್ಟುವುದು ಎಳೆ ಮತ್ತು ತೇವ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. ಯುರೋಪಿನವರು 1993ರಲ್ಲಿ ಮಾಡಿಕೊಂಡ ಏಕ ಮಾರುಕಟ್ಟೆಯ ತುಣುಕೊಂದು ಹಾಗೆ ನಮಗೂ ಸಿಕ್ಕಿತು. ಪೂರ್ತಿ ಅಲ್ಲ. ಭಾರತೀಯ ಹತ್ತಿ ನಿಗಮಕ್ಕೆ ಬೆಂಬಲ ಬೆಲೆಯಲ್ಲಿ ಮಾರಬೇಕಾದರೆ ರೈತನ ಪಹಣಿ, ಬೆಳೆ ದಾಖಲೆ, ನೋಂದಣಿ ಎಲ್ಲ ಬೇಕು; ಪಹಣಿ, ಬೆಳೆ ದಾಖಲೆ ಇಡುವುದು ಆಯಾ ರಾಜ್ಯ. ಸಿರುಗುಪ್ಪದ ರೈತ ಆದವಾನಿಯ ದಲಾಲಿಗೆ ಇವತ್ತೇ ಮಾಲು ಹಾಕಬಹುದು. ಬೆಂಬಲ ಬೆಲೆ ಬೇಕೆಂದರೆ ಅವನಿಗೆ ಕರ್ನಾಟಕದ ದಾಖಲೆಯೇ ಆಧಾರ. ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದ ವರ್ಷ 1953ರ ಗೆರೆ ಅವನ ಕ್ವಿಂಟಾಲ್ ಲೆಕ್ಕದೊಳಗೇ ಬಂದು ನಿಲ್ಲುತ್ತದೆ.