ಕುದುರೆ ಹೋಯಿತು, ತೊಗಲು ಉಳಿಯಿತು

1928ರಲ್ಲಿ ನ್ಯೂಯಾರ್ಕಿನ ಶಾಟ್ ಬ್ರದರ್ಸ್ ಕಂಪನಿ ಬೈಕ್ ಓಡಿಸುವವರಿಗೆಂದೇ ಒಂದು ಜಾಕೆಟ್ ಹೊಲಿಯಿತು. ಮಾಲೀಕ ಇರ್ವಿಂಗ್ ಶಾಟ್ ತನಗಿಷ್ಟವಾದ ಸಿಗಾರಿನ ಹೆಸರನ್ನೇ ಅದಕ್ಕಿಟ್ಟ: ಪರ್ಫೆಕ್ಟೋ. ಲಾಂಗ್ ಐಲ್ಯಾಂಡಿನ ಹಾರ್ಲೆ-ಡೇವಿಡ್ಸನ್ ಅಂಗಡಿಯಲ್ಲಿ ಅದರ ಬೆಲೆ ಐದೂವರೆ ಡಾಲರ್. ಇಂದು ಸಿನಿಮಾ ಪೋಸ್ಟರುಗಳಲ್ಲಿ ನಾವು ನೋಡುವ ಕರಿ ಜಾಕೆಟ್ಟಿನ ಮೂಲ ಇದೇ. ಆದರೆ ಅದನ್ನು ಹೊಲಿದದ್ದು ದನದ ಚರ್ಮದಿಂದಲ್ಲ, ಕುದುರೆಯ ತೊಗಲಿನಿಂದ.

ಕುದುರೆಯೇ ಏಕೆ? ಉತ್ತರ ಫ್ಯಾಷನ್ನಿನಲ್ಲಿಲ್ಲ, ಬೇಸಾಯದಲ್ಲಿದೆ. 1915ರ ಸುಮಾರಿಗೆ ಅಮೆರಿಕದಲ್ಲಿ ಕುದುರೆ ಮತ್ತು ಹೇಸರಗತ್ತೆಗಳ ಸಂಖ್ಯೆ ಎರಡೂವರೆ ಕೋಟಿ ದಾಟಿತ್ತು. ಹೊಲ ಉಳಲು, ಬಂಡಿ ಎಳೆಯಲು, ಪಟ್ಟಣದ ಬೀದಿಗಳಲ್ಲಿ ಸರಕು ಸಾಗಿಸಲು ಎಲ್ಲಕ್ಕೂ ಅವೇ. ಮುಂದೆ ಟ್ರಾಕ್ಟರು, ಲಾರಿಗಳು ಬಂದವು. ಕೆಲಸ ಕಳೆದುಕೊಂಡ ಪ್ರಾಣಿಯನ್ನು ಸಾಕುವವರು ಕಡಿಮೆಯಾದರು. ಕುದುರೆ ತೊಗಲು ಬೇಕಾದಷ್ಟು ಸಿಗುತ್ತಿದ್ದ ಕಾಲ ಅದು. ಅಂದರೆ ಕುದುರೆಯ ಕೆಲಸ ಕಿತ್ತುಕೊಂಡ ಎಂಜಿನ್ ಮೇಲೆ ಕುಳಿತವನೇ ಅದರ ಚರ್ಮ ಹೊದ್ದು ಹೊರಟ.

ಒಂದೇ ಕುದುರೆಯ ತೊಗಲು ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ. ಹಿಂಭಾಗದ ಪುಟ್ಟೆಯ ಒಳಗೆ ಬಹಳ ದಟ್ಟವಾದ ಒಂದು ಪದರವಿದೆ. ಅದನ್ನು ಹದ ಮಾಡಿದರೆ ಕಾರ್ಡೊವನ್ ಎಂಬ ದುಬಾರಿ ಚರ್ಮ ಸಿಗುತ್ತದೆ. ಅದು ಬೂಟಿಗೆ ಹೋಗುತ್ತದೆ. ಕುತ್ತಿಗೆ, ಭುಜದ ಕಡೆಯ ಮುಂಭಾಗ ಜಾಕೆಟ್ಟಿಗೆ. ಹೊಸದರಲ್ಲಿ ಅದು ಬಿರುಸು. ತೋಳು ಮಡಚಲೂ ಕಷ್ಟ. ತೊಡುತ್ತ ತೊಡುತ್ತ ಮೈಗೆ ಒಗ್ಗುತ್ತದೆ.

ಆ ಜಾಕೆಟ್ಟಿನ ವಿನ್ಯಾಸವೂ ಸುಮ್ಮನೆ ಬಂದದ್ದಲ್ಲ. 1923ರಲ್ಲಿ ಗುಡ್‌ರಿಚ್ ಕಂಪನಿ ರಬ್ಬರ್ ಬೂಟುಗಳಿಗೆ ಹಾಕಿ ಹೆಸರು ಕೊಟ್ಟ ‘ಜಿಪ್ಪರ್’ ಆಗಿನ್ನೂ ಹೊಸ ಸರಕು. ಅದನ್ನು ನಟ್ಟನಡುವೆ ಹಾಕದೆ ಓರೆಯಾಗಿ ಹಾಕಿದರು. ಹೀಗೆ ಹಾಕಿದರೆ ಎದೆಯ ಮೇಲೆ ಚರ್ಮ ಎರಡು ಪದರವಾಗಿ ಗಾಳಿ ಒಳಹೋಗುವುದಿಲ್ಲ. ಹ್ಯಾಂಡಲಿನ ಮೇಲೆ ಬಾಗಿದಾಗ ಜಿಪ್ ಹೊಟ್ಟೆಗೆ ಚುಚ್ಚುವುದೂ ಇಲ್ಲ. ಕಾಲರಿನ ಗುಂಡಿ, ಸೊಂಟದ ಬೆಲ್ಟು, ಮಣಿಕಟ್ಟಿನ ಜಿಪ್ ಎಲ್ಲವೂ ಗಾಳಿ ತಡೆಯುವುದಕ್ಕೇ. ಇಂದು ನಾವು ‘ಸ್ಟೈಲ್’ ಅನ್ನುವುದೆಲ್ಲ ಅಂದು ಚಳಿಗೆ ಕಂಡುಕೊಂಡ ಉಪಾಯ.

1931ರಲ್ಲಿ ಅಮೆರಿಕದ ಸೇನೆ ತನ್ನ ವಿಮಾನ ಚಾಲಕರಿಗೆ ಎ-2 ಎಂಬ ಜಾಕೆಟ್ಟನ್ನು ಗೊತ್ತುಮಾಡಿತು. ಅದರಲ್ಲೂ ಹೆಚ್ಚಿನವು ಕುದುರೆ ತೊಗಲಿನವು, ಕೆಲವು ಆಡಿನ ಚರ್ಮದವು. ಯುದ್ಧ ಮುಗಿಯುವ ಹೊತ್ತಿಗೆ ಕುದುರೆಗಳು ವೇಗವಾಗಿ ಕರಗುತ್ತಿದ್ದವು. 1960ರ ಹೊತ್ತಿಗೆ ಉಳಿದದ್ದು ಸುಮಾರು 30 ಲಕ್ಷ. ಆ ಜಾಗಕ್ಕೆ ಬಂದದ್ದು ಮಾಂಸದ ಉದ್ಯಮದಿಂದ ರಾಶಿ ರಾಶಿ ಸಿಗುತ್ತಿದ್ದ ದನದ ಚರ್ಮ.

ದನದ ಚರ್ಮ ದಪ್ಪ. ಹಾಗೇ ಹೊಲಿದರೆ ತೊಡಲಾಗುವುದಿಲ್ಲ. ಯಂತ್ರದಲ್ಲಿ ಅದನ್ನು ಪದರ ಪದರವಾಗಿ ಸೀಳುತ್ತಾರೆ. ಕೂದಲಿದ್ದ ಕಡೆಯ ಮೇಲ್ಪದರದಲ್ಲಿ ನಾರು ಒತ್ತಾಗಿ ಹೆಣೆದುಕೊಂಡಿರುತ್ತದೆ. ಬಲ ಇರುವುದು ಅಲ್ಲಿ. ಕೆಳಪದರ ಸಡಿಲ. ಅದರ ಮೇಲೆ ಬಣ್ಣ ಬಳಿದು, ಗೆರೆ ಒತ್ತಿ ಮಾರಿದರೂ ಹೆಸರಿಗೆ ‘ಅಸಲಿ ಚರ್ಮ’ವೇ. ಈ ವ್ಯತ್ಯಾಸ ಬಿದ್ದಾಗ ಗೊತ್ತಾಗುತ್ತದೆ.

ತೊಗಲು ಬದಲಾದ ಹಾಗೆ ಹದ ಮಾಡುವ ಬಗೆಯೂ ಬದಲಾಯಿತು. ನಮ್ಮ ಕಡೆ ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. 1884ರಲ್ಲಿ ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದು ಬೆಳೆದು ಬಂದ ಮೇಲೆ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಚರ್ಮ ಮೆತ್ತಗೆ, ನೀರಿಗೂ ಹೆಚ್ಚು ಬಾಳಿಕೆ.

ಈ ನೀರಿನ ಗುಣವೇ ಅದನ್ನು ನಮ್ಮ ಸೀಮೆಗೂ ತಂದಿತು. 20ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದದ ಪ್ರಯೋಗ ಮಾಡಿದಾಗ ಅವರ ಮನಸ್ಸಿನಲ್ಲಿದ್ದದ್ದು ಕಪಿಲೆಯಲ್ಲಿ ಬಾವಿ ನೀರೆತ್ತುವ ತೊಗಲಿನ ಚೀಲ. ಸದಾ ನೆನೆಯುವ ಆ ಚೀಲ ಬೇಗ ಕೊಳೆಯುತ್ತಿತ್ತು. ಮುಂದೆ ಇದೇ ಚಾಟರ್ಟನ್, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಕೈಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದರು. ರೈತನ ಚೀಲವನ್ನೂ ಬೈಕಿನವನ ಜಾಕೆಟ್ಟನ್ನೂ ಮಳೆಯಲ್ಲಿ ಉಳಿಸಿದ್ದು ಒಂದೇ ರಸಾಯನ.

ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹೋಗುವ ಪಾಲಾರ್ ನದಿಯ ದಂಡೆಯಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಚರ್ಮದ ಕಾರ್ಖಾನೆಗಳಿವೆ. ಅವು ಬಿಟ್ಟ ಕೊಳೆನೀರಿನಿಂದ ಬಾವಿ, ಹೊಲಗಳು ಕೆಟ್ಟವು. 1996ರಲ್ಲಿ ಸುಪ್ರೀಂ ಕೋರ್ಟ್, ಕೆಡಿಸಿದವರೇ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಬೈಕಿನವನ ಮೈ ಕಾಯುವ ಚರ್ಮಕ್ಕಾಗಿ ಇನ್ನೊಬ್ಬರ ನೀರು ಹೋಯಿತು.

ಅಳತೆ ಕೊಟ್ಟು ಹೊಲಿಸುವ ಜಾಕೆಟ್ಟಿನ ಕಥೆಗೆ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಬೇಕು. ರಾಸ್ ಲ್ಯಾಂಗ್ಲಿಟ್ಸ್ 17ನೇ ವಯಸ್ಸಿನಲ್ಲಿ ಬೈಕ್ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡ. ಆಮೇಲೂ ಬೈಕ್ ಬಿಡಲಿಲ್ಲ. ಕೈಗವಸಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವುದು ಅವನ ಕಸುಬು. ಅಂಗಡಿಯ ಜಾಕೆಟ್ ಒಪ್ಪದೆ ತನಗೆ ತಾನೇ ಒಂದು ಹೊಲಿದುಕೊಂಡ, ಗೆಳೆಯರೂ ಕೇಳಿದರು. 1947ರಲ್ಲಿ ಶುರುವಾದ ಲ್ಯಾಂಗ್ಲಿಟ್ಸ್ ಲೆದರ್ಸ್ ಇಂದಿಗೂ ದಿನಕ್ಕೆ ಬೆರಳೆಣಿಕೆಯಷ್ಟೇ ಉಡುಪು ಹೊಲಿಯುವ ಸಣ್ಣ ಅಂಗಡಿ.

ಇಲ್ಲಿ ಅಳತೆ ಎಂದರೆ ನಿಂತವನ ಅಳತೆಯಲ್ಲ, ಬೈಕಿನ ಮೇಲೆ ಕೈ ಚಾಚಿ ಕುಳಿತವನ ಅಳತೆ. ತೋಳು ತುಸು ಉದ್ದ, ಬೆನ್ನು ಕೆಳಗಿನವರೆಗೆ. ಚರ್ಮ ಕತ್ತರಿಸುವವನಿಗೆ ಇಡೀ ತೊಗಲಿನ ಗುಣ ಗೊತ್ತಿರಬೇಕು: ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಜಗ್ಗುತ್ತದೆ. ತಂತಿಬೇಲಿ ಗೀಚಿದ ಗಾಯ, ಉಣ್ಣೆ ಕಚ್ಚಿದ ಕಲೆ ಎಲ್ಲಿವೆ ಎಂದು ನೋಡಿ ಕತ್ತರಿ ಆಡಿಸಬೇಕು.

1953ರ ‘ದ ವೈಲ್ಡ್ ಒನ್’ ಚಿತ್ರದಲ್ಲಿ ಮರ್ಲನ್ ಬ್ರಾಂಡೊ ಇಂಥದೇ ಓರೆ ಜಿಪ್ಪಿನ ಜಾಕೆಟ್ ತೊಟ್ಟು ಬಂದ. ಬ್ರಿಟನ್ನಿನ ಸೆನ್ಸಾರ್ ಮಂಡಳಿ 1967ರವರೆಗೂ ಆ ಚಿತ್ರಕ್ಕೆ ಪ್ರಮಾಣಪತ್ರ ಕೊಡಲಿಲ್ಲ. ಅಲ್ಲಿಂದ ಜಾಕೆಟ್ ಪುಂಡರ ಗುರುತಾಯಿತು, ಆಮೇಲೆ ಹಾಡುಗಾರರ ಗುರುತಾಯಿತು, ಕೊನೆಗೆ ಮಾಲ್‌ಗಳ ಸರಕಾಯಿತು. ರೂಪ ಉಳಿಯಿತು, ಚರ್ಮ ತೆಳುವಾಗುತ್ತ ಹೋಯಿತು.

ಕೆಲಸ ಮಾತ್ರ ಬದಲಾಗಿಲ್ಲ. ಯುರೋಪಿನಲ್ಲಿ ಹಿಂದೆ ಜಾರಿಯಲ್ಲಿದ್ದ ಇಎನ್ 13595 ಎಂಬ ಮಾನದಂಡದಲ್ಲಿ ಓಡುವ ಒರಟು ಬೆಲ್ಟಿಗೆ ಚರ್ಮವನ್ನು ಒತ್ತಿ ಹಿಡಿದು ಎಷ್ಟು ಹೊತ್ತಿಗೆ ತೂತಾಗುತ್ತದೆ ಎಂದು ನೋಡುತ್ತಿದ್ದರು. ಮೊಣಕೈ, ಭುಜದ ಜಾಗದಲ್ಲಿ ಮೊದಲ ದರ್ಜೆಗೆ 4 ಸೆಕೆಂಡು, ಮೇಲಿನ ದರ್ಜೆಗೆ 7 ಸೆಕೆಂಡು. ಟಾರು ರಸ್ತೆಯ ಮೇಲೆ ಜಾರುವಾಗ ಚರ್ಮಕ್ಕೂ ಮೂಳೆಗೂ ನಡುವೆ ಇರುವ ಸಮಯ ಅಷ್ಟೇ. ನಮ್ಮ ಕಾನೂನು ಹೆಲ್ಮೆಟ್ ಕೇಳುತ್ತದೆ, ಜಾಕೆಟ್ ಕೇಳುವುದಿಲ್ಲ. ಹಾಗಾಗಿ ಕೇಳುವ ಕೆಲಸ ಕೊಳ್ಳುವವರದ್ದೇ. ಯಾವ ಪ್ರಾಣಿಯ ತೊಗಲು, ಮೇಲ್ಪದರವೋ ಕೆಳಪದರವೋ, ದಪ್ಪ ಎಷ್ಟು, ಹೊಲಿಗೆ ಒಂದು ಸಾಲೋ ಎರಡೋ, ಹದ ಮಾಡಿದ್ದು ಎಲ್ಲಿ ಎಂದು ಅಂಗಡಿಯವರನ್ನು ಕೇಳಿ. ಉತ್ತರ ಗೊತ್ತಿಲ್ಲದವರು ಮಾರುತ್ತಿರುವುದು ಬ್ರಾಂಡೊನ ಚಿತ್ರವನ್ನು, ಜಾಕೆಟ್ಟನ್ನಲ್ಲ.