ದೀಪಕ್ಕೊಂದು ತೆರಿಗೆ, ಮಾತಿಗೊಂದು ತೆರಿಗೆ

ಅಮೆರಿಕಕ್ಕೆ ಬಂದ ಮೊದಲ ಕೆಲವು ವರ್ಷ ಡೆಟ್ರಾಯ್ಟ್ ಬಳಿಯ ಕ್ಯಾಂಟನ್‌ನಲ್ಲಿದ್ದೆ. ಈಗ ಶಿಕಾಗೋ ಪಕ್ಕದ ಶಾಂಬರ್ಗ್. ಕರೆಂಟ್ ಬಿಲ್ಲು ಬಂದರೆ ಮೊತ್ತಕ್ಕಿಂತ ಮೊದಲು ತೆರಿಗೆಯ ಸಾಲು ಓದುವುದು ಲೆಕ್ಕಿಗರ ಚಟ. ಮಿಶಿಗನ್ನಿನಲ್ಲಿ ಆ ಸಾಲು ಬಿಲ್ಲಿನ ಮೊತ್ತದ ಮೇಲೆ ಶೇಕಡಾ ಇಷ್ಟು ಎಂದಿರುತ್ತದೆ. ಇಲಿನಾಯ್‌ನಲ್ಲಿ ಯೂನಿಟ್ಟಿಗೆ ಇಷ್ಟು ಎಂದು. ಐದು ಗಂಟೆ ಕಾರಿನ ದಾರಿಯಷ್ಟು ದೂರದ ಎರಡು ಊರುಗಳು, ಒಂದೇ ಚಳಿ. ಲೆಕ್ಕ ಮಾತ್ರ ಬೇರೆ.

ಎರಡೂ ರಾಜ್ಯಗಳು ಮಾರಾಟ ತೆರಿಗೆಗೆ ಕೈ ಹಾಕಿದ್ದು 1933ರಲ್ಲಿ. ಮಹಾ ಆರ್ಥಿಕ ಕುಸಿತದ ಕಾಲವದು. ಆಸ್ತಿ ತೆರಿಗೆ ಕಟ್ಟಲು ಜನರ ಬಳಿ ಹಣವಿರಲಿಲ್ಲ. ಮಿಶಿಗನ್ 3% ತೆರಿಗೆ ತಂದಿತು. ಇಲಿನಾಯ್‌ನ ಮೊದಲ ಕಾಯ್ದೆಯನ್ನು ಆ ರಾಜ್ಯದ ಸುಪ್ರೀಂ ಕೋರ್ಟೇ ಹೊಡೆದುಹಾಕಿತು. ಆಗ ಸರ್ಕಾರ ಕೊಳ್ಳುವವನ ಮೇಲಲ್ಲ, ಮಾರುವವನ ಕಸುಬಿನ ಮೇಲೆ ಎಂದು ಹೆಸರು ಬದಲಿಸಿ 2% ವಿಧಿಸಿತು. ಶಿಕಾಗೋದಲ್ಲಿ ಆಗ ವಿದ್ಯುತ್ ಕಂಪನಿ ಎಂದರೆ ಜನರಿಗೆ ಮೈ ಉರಿಯುತ್ತಿತ್ತು. ಸ್ಯಾಮ್ಯುಯೆಲ್ ಇನ್ಸಲ್ ಕಟ್ಟಿದ ಕಂಪನಿಗಳ ಸಾಮ್ರಾಜ್ಯ 1932ರಲ್ಲಿ ಕುಸಿದು, ಷೇರು ಕೊಂಡಿದ್ದ ಸಾಮಾನ್ಯರ ಉಳಿತಾಯ ನೀರಾಗಿತ್ತು. ಇನ್ಸಲ್ ಗ್ರೀಸ್‌ಗೆ ಓಡಿದರು, ಮರಳಿ ತಂದು ವಿಚಾರಣೆ ನಡೆಸಿದಾಗ 1934ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದರು.

ಮಿಶಿಗನ್ ವಿದ್ಯುತ್ತನ್ನೂ ಅನಿಲವನ್ನೂ ಅಂಗಡಿಯ ಸರಕಿನಂತೆಯೇ ಮಾರಾಟ ತೆರಿಗೆಯೊಳಗೆ ಸೇರಿಸಿಕೊಂಡಿತು. ಇಲಿನಾಯ್ ಇವಕ್ಕೆ 1937ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು; 1945ರಲ್ಲಿ ಅನಿಲಕ್ಕೊಂದು, ತಂತಿ-ಟೆಲಿಫೋನ್ ಸಂದೇಶಗಳಿಗೊಂದು ಬೇರೆ ಕಾಯ್ದೆ ಬಂತು. ಮುಂದೆ ವಿದ್ಯುತ್ತಿಗೆ ಕಂಪನಿಯ ವರಮಾನದ 5% ಅಥವಾ ಯೂನಿಟ್ಟಿಗೆ 0.32 ಸೆಂಟ್, ಯಾವುದು ಕಡಿಮೆಯೋ ಅದು, ಎಂದಾಯಿತು. 1997ರಲ್ಲಿ ಗ್ರಾಹಕರು ತಮಗೆ ಬೇಕಾದ ಮಾರಾಟಗಾರರಿಂದ ಕರೆಂಟ್ ಕೊಳ್ಳಬಹುದೆಂಬ ಕಾನೂನು ಬಂದಾಗ ಸರ್ಕಾರಕ್ಕೆ ದಿಗಿಲಾಯಿತು: ಹೊರರಾಜ್ಯದವನು ಮಾರಿದರೆ ಅವನ ವರಮಾನವನ್ನು ಹಿಡಿಯುವುದು ಹೇಗೆ? ಅದಕ್ಕೇ 1998ರಿಂದ ಬಳಸಿದ ಯೂನಿಟ್ಟಿನ ಮೇಲೆ ತೆರಿಗೆ. ತಿಂಗಳ ಮೊದಲ 2,000 ಯೂನಿಟ್ಟಿಗೆ 0.33 ಸೆಂಟ್. ನೀವು 700 ಯೂನಿಟ್ ಉರಿಸಿದರೆ ರಾಜ್ಯಕ್ಕೆ 2 ಡಾಲರ್ 31 ಸೆಂಟ್. ಕರೆಂಟಿನ ಬೆಲೆ ಇಮ್ಮಡಿಯಾದರೂ ಅಷ್ಟೇ. ಮನೆಯವನಾಗಿ ನನಗಿದು ಸಂತೋಷ. ಖಜಾನೆಯ ಲೆಕ್ಕ ಬರೆಯುವವನಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಹಣದುಬ್ಬರ ಏರಿದಂತೆ ಆ 0.33 ಸೆಂಟ್ ಸವೆಯುತ್ತಲೇ ಹೋಗುತ್ತದೆ.

ಮಿಶಿಗನ್ನಿನಲ್ಲಿ ದೊಡ್ಡ ನಿರ್ಧಾರವಾದದ್ದು 1994ರ ಮಾರ್ಚ್ 15ರಂದು. ಶಾಲೆಗಳ ನಿತ್ಯ ಖರ್ಚಿಗೆಂದು ಇದ್ದ ಆಸ್ತಿ ತೆರಿಗೆಯನ್ನು ಶಾಸನಸಭೆ ಹಿಂದಿನ ವರ್ಷವೇ ರದ್ದುಮಾಡಿ, ಬದಲಿ ಏನೆಂದು ಆಮೇಲೆ ಯೋಚಿಸತೊಡಗಿತ್ತು. (ಇಂಥ ಬಜೆಟ್ಟನ್ನು ನನ್ನ ಕಕ್ಷಿದಾರರು ತಂದಿದ್ದರೆ ವಾಪಸು ಕಳಿಸುತ್ತಿದ್ದೆ.) ‘ಪ್ರಪೋಸಲ್ ಎ’ ಎಂಬ ಪ್ರಸ್ತಾಪವನ್ನು ಮತದಾರರು ಒಪ್ಪಿದರು, ಮಾರಾಟ ತೆರಿಗೆ 4ರಿಂದ 6%ಗೆ ಏರಿತು, ಹೆಚ್ಚಿನ 2% ಪೂರ್ತಿಯಾಗಿ ಶಾಲೆಗಳಿಗೆ. ಆದರೆ ಮನೆಬಳಕೆಯ ವಿದ್ಯುತ್, ಅನಿಲ, ಮನೆ ಬಿಸಿಮಾಡುವ ಎಣ್ಣೆ ಈ ಮೂರಕ್ಕೆ ಮಾತ್ರ ಹಳೆಯ 4% ಉಳಿಯಿತು. ಜನವರಿಯ 150 ಡಾಲರ್ ಬಿಲ್ಲಿಗೆ 9 ಡಾಲರ್ ಬದಲು 6. ಮೂರು ಡಾಲರ್ ದೊಡ್ಡದಲ್ಲ. ಆದರೆ ಚಳಿಯಿಂದ ಕಾಪಾಡಿಕೊಳ್ಳುವುದು ಸೋಫಾ ಕೊಂಡಂತಲ್ಲ ಎಂಬ ಮಾತು ಕಾಯ್ದೆಯೊಳಗೆ ಹೋಯಿತು. ಒಂದು ತಕರಾರು ನನಗುಂಟು: ಬಾಡಿಗೆ ಕೋಣೆಗೆ ಸಿಗುವ ಈ ದರವೇ ಕೆರೆದಂಡೆಯ ಬಂಗಲೆಗೂ ಸಿಗುತ್ತದೆ. ಬಂಗಲೆಯ ಬಿಲ್ಲು ದೊಡ್ಡದು, ಹಾಗಾಗಿ ಅದರ ಉಳಿತಾಯವೂ ದೊಡ್ಡದು.

ಇನ್ನು ಮಾತಿನ ವಿಷಯ. 1985ರಲ್ಲಿ ಇಲಿನಾಯ್ ಹೊರರಾಜ್ಯದ ಕರೆಗಳ ಮೇಲೂ 5% ತೆರಿಗೆ ಹಾಕಿತು. ಕರೆ ಇಲಿನಾಯ್‌ನಲ್ಲಿ ಶುರುವಾಗಬೇಕು ಇಲ್ಲವೇ ಮುಗಿಯಬೇಕು, ಬಿಲ್ಲು ಇಲ್ಲಿಯ ವಿಳಾಸಕ್ಕೆ ಸೇರಬೇಕು. ರಾಜ್ಯದ ಗಡಿ ದಾಟುವ ವ್ಯಾಪಾರಕ್ಕೆ ಇದು ಅಡ್ಡಿ ಎಂದು ವ್ಯಾಜ್ಯವಾಯಿತು. 1989ರ ಜನವರಿಯಲ್ಲಿ ‘ಗೋಲ್ಡ್‌ಬರ್ಗ್ ವಿರುದ್ಧ ಸ್ವೀಟ್’ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೆರಿಗೆಯನ್ನು ಎತ್ತಿಹಿಡಿಯಿತು. ಸ್ವೀಟ್ ಎಂಬುದು ತೆರಿಗೆ ಇಲಾಖೆಯ ನಿರ್ದೇಶಕರ ಹೆಸರು. ಅಂಥ ಹೆಸರಿಟ್ಟುಕೊಂಡು ಆ ಕೆಲಸ ಮಾಡುವುದು ಸುಲಭವಲ್ಲ. ನಿಮಿಷಕ್ಕೆ ಡಾಲರ್ ಲೆಕ್ಕದಲ್ಲಿ ಊರಿಗೆ ಫೋನ್ ಮಾಡುತ್ತಿದ್ದ ಹಿರಿಯ ಕನ್ನಡಿಗರು ಅಮ್ಮನ ದನಿಗೂ ಇಲಿನಾಯ್‌ಗೆ ಪಾಲು ಕೊಟ್ಟಿದ್ದಾರೆ.

1998ರಲ್ಲಿ ಆ ದರ 7% ಆಯಿತು. ಅದೇ ವರ್ಷ ಅಮೆರಿಕ ಸಂಸತ್ತು ಇಂಟರ್‌ನೆಟ್ ಸಂಪರ್ಕದ ಮೇಲೆ ಹೊಸ ತೆರಿಗೆ ಹಾಕದಂತೆ ರಾಜ್ಯಗಳನ್ನು ತಡೆಯಿತು. 2016ರಲ್ಲಿ ಆ ತಡೆ ಶಾಶ್ವತವಾಯಿತು. ಮಾತು ತಂತಿಯಿಂದ ಇಂಟರ್‌ನೆಟ್‌ಗೆ ಜಾರಿತು, ತೆರಿಗೆ ತಂತಿಯ ಬಳಿಯೇ ನಿಂತಿತು. ವಿದ್ಯುತ್, ಅನಿಲ, ಟೆಲಿಫೋನ್ ಮೂರೂ ಸೇರಿ ಈ ಶತಮಾನದ ಮೊದಲ ದಶಕದಲ್ಲಿ ಇಲಿನಾಯ್‌ಗೆ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಮೀರಿ ತರುತ್ತಿದ್ದವು. ಈಗ ಅದು ಎಷ್ಟೋ ಕಡಿಮೆ. 2025ರ ಜುಲೈಯಲ್ಲಿ ಟೆಲಿಫೋನ್ ದರವನ್ನು 8.65%ಗೆ ಏರಿಸಿದ್ದಾರೆ, ಅದನ್ನು ಕಟ್ಟುವವರು ಯಾರು ಎಂದು ನೋಡಿದರೆ, ಹಳೆಯ ಫೋನನ್ನೇ ನೆಚ್ಚಿಕೊಂಡ ಮುದುಕರೂ ಅದರಲ್ಲಿದ್ದಾರೆ.

ನಮ್ಮಲ್ಲಿ ಕರ್ನಾಟಕದ ವಿದ್ಯುತ್ ತೆರಿಗೆಗೆ 1959ರ ಕಾಯ್ದೆಯೇ ಆಧಾರ. ವಿದ್ಯುತ್ತು ಜಿಎಸ್‌ಟಿಯೊಳಗೆ ಬಂದಿಲ್ಲ. ಆದರೆ ಫೋನು ಬಂದಿದೆ, ಮಾತು ಡೇಟಾ ಎಂಬ ಭೇದವಿಲ್ಲದೆ. ಹೀಗಾಗಿ ಭಾನುವಾರದ ವಾಟ್ಸ್‌ಆ್ಯಪ್ ಕರೆಯಲ್ಲಿ ಮೈಸೂರಿನ ತುದಿಯ ರೀಚಾರ್ಜಿಗೆ 18% ತೆರಿಗೆ, ಶಾಂಬರ್ಗ್ ತುದಿಯ ಇಂಟರ್‌ನೆಟ್ಟಿಗೆ ಸೊನ್ನೆ.