ಪರವೂರಿನ ಪಾಂಡವರು

ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಕುಸ್ತಿ ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ತೊಡಿಸುತ್ತಾರೆ. ಗೆದ್ದವನು ನಮ್ಮೂರಿನವನೇ ಆಗಿರಲಿ ಎಂಬ ಆಸೆ ಎಲ್ಲರಿಗೂ. ಅದಕ್ಕೇ 1949ರ ಕಲಕತ್ತೆಯ ಸಂಗತಿ ನನಗೆ ಸೋಜಿಗವೆನಿಸುತ್ತದೆ.

1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ಬು ಯಾವ ನೆಲದ ಹೆಸರು ಹೊತ್ತಿತ್ತೋ ಆ ನೆಲ 1947ರಲ್ಲಿ ಪಾಕಿಸ್ತಾನದ ಪಾಲಾಯಿತು. ಮನೆಮಾರು ಬಿಟ್ಟು ಲಕ್ಷಾಂತರ ಜನ ಈಚೆ ಬಂದರು. ಕಲಕತ್ತೆ ಸೇರಿದ ನಿರಾಶ್ರಿತರಿಗೆ ತವರಿನ ಹೆಸರು ಉಳಿದದ್ದು ಆ ಕ್ಲಬ್ಬಿನಲ್ಲಿ. ತವರು ಬಿಟ್ಟ ಸಂಕಟವನ್ನು ಹೆಣ್ಣುಮಕ್ಕಳಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ನಮಗೆ ಪಂಚಮಿಗಾದರೂ ಕರೆ ಬರುತ್ತದೆ. ಅವರಿಗೆ ಅದೂ ಇಲ್ಲ.

1949ರಲ್ಲಿ ಕ್ಲಬ್ಬು ಕಲಕತ್ತಾ ಲೀಗ್, ಐಎಫ್‌ಎ ಶೀಲ್ಡ್, ಮುಂಬಯಿಯ ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಮುಂದಿನ ಸಾಲಿನ ಐವರು, ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ, ಬಂಗಾಳಿಗಳೇ ಅಲ್ಲ, ದಕ್ಷಿಣದವರು! ಜನ ಅವರನ್ನು ಪಂಚಪಾಂಡವರೆಂದು ಕರೆದರು. ಧರ್ಮದ ಹೆಸರಿನಲ್ಲಿ ಮನೆ ಕಳೆದುಕೊಂಡು ಬಂದವರು ಒಬ್ಬ ಅಹಮದ್ ಖಾನನನ್ನು ಪಾಂಡವನೆಂದು ಎತ್ತಿ ಮೆರೆಸಿದರಲ್ಲ, ಮೂರು ಕಪ್ಪುಗಳಿಗಿಂತ ನನಗೆ ಅದೇ ದೊಡ್ಡದು.

ಈ ಅಹಮದ್ ಖಾನ್ ನಮ್ಮ ಬೆಂಗಳೂರಿನವರು. ಬರಿಗಾಲಲ್ಲೇ ಚೆಂಡು ಆಡಿಸುತ್ತಿದ್ದವರು. 1948ರಲ್ಲಿ ಲಂಡನ್ ಒಲಿಂಪಿಕ್ಸ್, 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಬಂಗಾರ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದವರು 10 ಗೋಲು ಹೊಡೆದು ನಮ್ಮವರನ್ನು ಹಣ್ಣು ಮಾಡಿದಾಗ ಭಾರತದ ಒಂದೇ ಒಂದು ಗೋಲು ಇವರದು. ಕಲಕತ್ತೆ ಅಷ್ಟು ಮೆರೆಸಿದ ಈ ಆಟಗಾರ 2017ರಲ್ಲಿ ತಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು.